ದಾಮೋದರನ ಪಾಲಿನ ಪೊಲೀಸು

ಸರಕಾರಕ್ಕೆ ಕರ ಕಟ್ಟಿದ ಮನುಷ್ಯ ಮನೆಗೆ ಬಂದು ಕೈಕಾಲು ತೊಳೆದು, ಸರಕಾರವನ್ನು ಸ್ವಲ್ಪ ಹೊತ್ತು ಬೈದು, ಊಟಕ್ಕೆ ಕೂರುತ್ತಾನೆ. ಲೋಕ ನಡೆದುಬಂದಿರುವುದು ಹೀಗೆ. ಕಾಟ್ಟಿಕುಳದಿಂದ ಆಚೆ, ಬಾವಲಿ ಹೊಳೆಯ ದಂಡೆಯಲ್ಲಿ ಗದ್ದೆ ಮಾಡಿಕೊಂಡಿದ್ದ ದಾಮೋದರನ್ ಚೆಟ್ಟಿಯೂ ಅಷ್ಟೇ ಮಾಡಿದ್ದರೆ ಯಾರಿಗೂ ತೊಂದರೆಯಿರುತ್ತಿರಲಿಲ್ಲ. ಆದರೆ ಅವನು ಕರ ಕಟ್ಟಿ ಬಂದ ದಿನ ಬೈಯಲಿಲ್ಲ. ಜಗಲಿಯ ಮೇಲೆ ಕೂತು ಯೋಚನೆ ಮಾಡಿದ. ಗಂಡ ಯೋಚನೆ ಮಾಡಿದಾಗಲೆಲ್ಲ ಮನೆಗೆ ಏನಾದರೂ ಒಂದು ಬರುತ್ತದೆಂದು ಅನುಭವದಿಂದ ತಿಳಿದಿದ್ದ ಅವನ ಹೆಂಡತಿ ನಾರಾಯಣಿ, ಒಳಗೆ ದೇವರ ಮುಂದೆ ಹಚ್ಚಿದ ದೀಪಕ್ಕೆ ಇನ್ನೊಂದಿಷ್ಟು ಎಣ್ಣೆ ಹಾಕಿದಳು.

ಅದು ವಯನಾಡಿನಲ್ಲಿ ನಕ್ಸಲೈಟರ ಹೆಸರು ಬಂದರೆ ಬಸ್ಸಿನಲ್ಲಿ ಕೂತವರು ಕೂಡ ದನಿ ತಗ್ಗಿಸುತ್ತಿದ್ದ ಕಾಲ. ಬಾವಲಿ ಹೊಳೆಯ ಈಚೆ ದಂಡೆ ಕೇರಳ, ಆಚೆ ದಂಡೆ ಮೈಸೂರು. ನಕ್ಸಲೈಟರು ಆಚೆ ಕಾಡಿನಿಂದ ಈಚೆಗೆ ಬರುತ್ತಾರೆಂದು ಒಬ್ಬರು, ಈಚೆಯಿಂದ ಆಚೆಗೆ ಹೋಗುತ್ತಾರೆಂದು ಇನ್ನೊಬ್ಬರು ಹೇಳುತ್ತಿದ್ದುದರಿಂದ ಕಾಟ್ಟಿಕುಳದಲ್ಲಿ ಒಂದು ಪೊಲೀಸ್ ಕ್ಯಾಂಪು ತೆರೆದರು. ತಗಡಿನ ಸೂರು, ಜೀಪು, ವಯರ್‌ಲೆಸ್ಸು, ಊರಹಬ್ಬಕ್ಕೆ ಸಾಕಾಗುವಷ್ಟು ದೊಡ್ಡ ಹಂಡೆ. ಈ ಹೆಚ್ಚಿನ ಪೊಲೀಸರನ್ನು ತಂದದ್ದು ಊರಿನವರ ರಕ್ಷಣೆಗೇ ಆದ್ದರಿಂದ, ಅವರ ಖರ್ಚನ್ನು ಊರಿನಲ್ಲಿ ಭೂಮಿಯುಳ್ಳವರೇ ಕರದ ರೂಪದಲ್ಲಿ ಹೊರಬೇಕೆಂದು ವಿಲ್ಲೇಜ್ ಆಫೀಸಿನವರು ಹೇಳಿದರು. ಹೊಳೆಯ ಆಚೆ ಮೈಸೂರಿನವರದೂ ಒಂದು ಹೊರಠಾಣೆ ಇತ್ತು. ಅಲ್ಲಿ ಜೀಪಿರಲಿಲ್ಲ, ಹಂಡೆಯಿರಲಿಲ್ಲ, ಅಲ್ಲಿನವರಿಗೆ ಪೊಲೀಸ್ ಕರವೂ ಇರಲಿಲ್ಲ.

ದಾಮೋದರನ ತಪ್ಪು ಇಷ್ಟೇ. ತನಗೆ ಗೊತ್ತಿದ್ದ ಒಂದೇ ಕಾವಲಿನ ಪದ್ಧತಿಗೆ ಅವನು ಇದನ್ನೂ ಹೋಲಿಸಿಕೊಂಡ. ಆ ಸೀಮೆಯಲ್ಲಿ ಭತ್ತ ಹಾಲುಗಟ್ಟಿದ ಮೇಲೆ ಕಾಡುಹಂದಿಯಿಂದ ಉಳಿಸಿಕೊಳ್ಳಲು ಗದ್ದೆಯಂಚಿನ ಮರದ ಮೇಲೆ ಬಿದಿರಿನ ಗುಡಿಸಲು ಕಟ್ಟುತ್ತಾರೆ. ಅದಕ್ಕೆ ಏರುಮಾಡ ಎಂದು ಹೆಸರು. ಅಕ್ಕಪಕ್ಕದ ಗದ್ದೆಯವರು ಸೇರಿ ಒಬ್ಬ ಕಾವಲುಗಾರನನ್ನು ಗೊತ್ತುಮಾಡಿ ಕಾವಲುಭತ್ತ ಕೊಡುತ್ತಾರೆ. ಭತ್ತ ಕೊಟ್ಟವನ ಗದ್ದೆಗೆ ಕಾವಲುಗಾರ ಸರದಿಯಂತೆ ಬಂದು ಕೂರಲೇಬೇಕು. ಬಾರದಿದ್ದರೆ ಮನೆಯಿಂದ ಎಬ್ಬಿಸಿ ಕರೆತರಬಹುದು. ಹಾಗಾದರೆ ಪೊಲೀಸ್ ಕರ ಎಂದರೇನು? ಸರಕಾರದ ಕಾವಲುಭತ್ತ. ಕೊಟ್ಟಾಯಿತು. ಇನ್ನು ಪೊಲೀಸರು ಸರದಿಯಂತೆ ಬರಬೇಕು.

ಅವನ ಗದ್ದೆಯ ಕಾವಲುಗಾರ ಬೈರ. ಕಾಡಿನ ಜನ, ದಾಮೋದರನ ಅಪ್ಪನ ಕಾಲದಿಂದ ಅದೇ ಮಾಡದಲ್ಲಿ ಕೂತು, ಡಬ್ಬ ಬಾರಿಸಿ, ಬೆಂಕಿ ಹಾಕಿ, ಹಂದಿಗಳನ್ನು ಅವುಗಳ ಅಜ್ಜಿಯರ ಸಮೇತ ಬೈದು ಓಡಿಸುತ್ತಿದ್ದವನು.

"ಬೈರಾ, ಇನ್ನು ಮೇಲೆ ನೀನು ಮಾಡ ಹತ್ತಬೇಡ," ಎಂದ ದಾಮೋದರ.

"ಹಂದೀನೆ ಹತ್ತಿಸ್ತೀರಾ ಚೆಟ್ಟಿಯಾರೆ?"

"ಪೊಲೀಸರನ್ನ ಹತ್ತಿಸ್ತೀನಿ. ಕರ ಕಟ್ಟಿದೀನಿ. ಒಂದು ಗದ್ದೆಗೆ ಎರಡೆರಡು ಕಾವಲಿಗೆ ಕೊಡೋಕೆ ನಾನೇನು ಎಸ್ಟೇಟ್ ದೊರೆಯಾ?"

ಬೈರ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದ. "ಪೊಲೀಸ್ನೋರಿಗೆ ಹಂದಿ ಕಂಡ್ರೆ ಓಡಿಸಾಕೆ ಗೊತ್ತಾ? ನಮ್ಮನ್ನ ಕಂಡ್ರೆ ಓಡಿಸಾದು ಗೊತ್ತು."

ನಾರಾಯಣಿ ಒಳಗಿನಿಂದ ಬಂದಳು. ಅವಳು ರೇಗಿದ್ದಕ್ಕೆ ಕಾರಣವಿತ್ತು. ದಾಮೋದರನ ಅಪ್ಪ ಹಿಂದಿನ ಮಕರ ಮಾಸದಲ್ಲಿ ತೀರಿಕೊಂಡಿದ್ದ. ಸಾಯುವ ಮೊದಲು ಗಂಧಕಸಾಲೆ ಭತ್ತದ ಬೀಜವನ್ನು ತನ್ನ ಕೈಯಿಂದಲೇ ಆರಿಸಿ, ಹುಲ್ಲಿನ ಮೂಡೆ ಕಟ್ಟಿ ಅಟ್ಟದಲ್ಲಿಟ್ಟಿದ್ದ. ಆ ಬೀಜವನ್ನೇ ಈ ವರ್ಷ ಹೊಳೆದಂಡೆಯ ಗದ್ದೆಗೆ ಹಾಕಿದ್ದರು. ಬರುವ ಮಕರದಲ್ಲಿ ತಿರುನೆಲ್ಲಿ ದೇವಸ್ಥಾನದ ಪಾಪನಾಶಿನಿ ತೊರೆಯಲ್ಲಿ ವರ್ಷದ ತಿಥಿಯ ಬಲಿ ಹಾಕುವಾಗ ಅಪ್ಪನ ಬೀಜದ ಅಕ್ಕಿಯಿಂದಲೇ ಅಪ್ಪನಿಗೆ ಪಿಂಡ ಎಂದು ದಾಮೋದರ ದೇವರ ಮುಂದೆ ಹೇಳಿಕೊಂಡಿದ್ದ. ಕೊಯ್ಲಿಗೆ ಇನ್ನು ಕೆಲವೇ ದಿನವಿತ್ತು.

"ಹಂದಿ ನುಗ್ಗಿದರೆ ತಿರುನೆಲ್ಲಿಗೆ ಏನು ತಗೊಂಡು ಹೋಗ್ತೀರಿ? ರೇಷನ್ ಅಂಗಡಿ ಅಕ್ಕಿಯಾ? ಮಾವ ಬದುಕಿದ್ದಾಗಲೇ ಅದನ್ನ ಮುಟ್ಟಲಿಲ್ಲ, ಸತ್ತ ಮೇಲೆ ಮುಟ್ತಾರಾ?"

"ಪೊಲೀಸ್ ಇದ್ದ ಕಡೆ ಹಂದಿ ಬರುತ್ತೇನೆ? ಹೆಂಗಸರಿಗೆ ರಾಜ್ಯಭಾರ ತಿಳಿಯೋದಿಲ್ಲ," ಎಂದು ದಾಮೋದರ ಮಾತು ಮುಗಿಸಿದ.

ಮರುದಿನ ಬೆಳಗ್ಗೆ ಒಗೆದ ಮುಂಡು ಉಟ್ಟು ಕ್ಯಾಂಪಿಗೆ ಹೋದ. ಒಳಗೆ ಹೋಗುವ ಮೊದಲು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎತ್ತು ಕೊಳ್ಳುವವನು ಎತ್ತಿನ ಸುತ್ತ ಹಾಕುವಂಥದು. ಹಂಡೆಯ ಮುಚ್ಚಳ ತೆಗೆದು ನೋಡಿದ. ಬೆಂಚಿನ ಮೇಲೆ ಮಲಗಿದ್ದ ಕಾನ್‌ಸ್ಟೇಬಲ್ ಒಬ್ಬನನ್ನು ತಟ್ಟಿ, "ಏಳಪ್ಪಾ, ಹೊತ್ತೇರಿತು" ಎಂದ.

ಹೆಡ್ ಕಾನ್‌ಸ್ಟೇಬಲ್ ಕರುಣಾಕರನ್ ಒಲೆಯ ಪಕ್ಕ ಕುಕ್ಕರಿಸಿ ಕೈ ಕಾಯಿಸಿಕೊಳ್ಳುತ್ತಿದ್ದ. ಆಲಪ್ಪುಳದ ಕಡಲತೀರದಲ್ಲಿ ಹುಟ್ಟಿದವನು. ವಯನಾಡಿನ ಧನುಮಾಸದ ಚಳಿಗೂ ಆನೆಗೂ ಅವನು ಹೆದರುತ್ತಿದ್ದಷ್ಟು ನಕ್ಸಲೈಟರಿಗೆ ಹೆದರುತ್ತಿರಲಿಲ್ಲ.

"ಯಾರು ನೀನು?"

"ಕರ ಕಟ್ಟಿದವನು ಸಾರ್."

"ಅದಕ್ಕೆ?"

"ನನ್ನ ಪಾಲಿಗೆ ಯಾರು ಬರ್ತಾರೆ ಅಂತ ನೋಡಿಕೊಂಡು ಹೋಗೋಣ ಅಂತ."

"ಯಾವ ಪಾಲು?"

"ಪೊಲೀಸಿನ ಪಾಲು. ಇಡೀ ಪೊಲೀಸ್ ಬೇಡ ಸಾರ್, ನಾನು ದುರಾಸೆಯವನಲ್ಲ. ನ್ಯಾಯವಾಗಿ ನನಗೆ ಬರೋವಷ್ಟು. ದೀಪ ಹಚ್ಚೋ ಹೊತ್ತಿಗೆ ಬಂದು ಮಾಡದಲ್ಲಿ ಕೂತರೆ ಆಯಿತು. ಡಬ್ಬ ಬಾರಿಸೋಕೆ ಬರುತ್ತೆ ತಾನೆ?"

"ಎನ್ಟೆ ದೈವಮೇ!" ಎಂದು ಕರುಣಾಕರನ್ ಹಣೆ ಹಿಡಿದುಕೊಂಡ. "ಹಂದಿ ಓಡಿಸೋಕೆ ಪೊಲೀಸಾ? ನಾವು ಬಂದಿರೋದು ನಕ್ಸಲೈಟರಿಗೆ!"

"ಹಂದಿ ನಕ್ಸಲೈಟ್ ಅಲ್ಲ ಅಂತ ನನಗೂ ಗೊತ್ತು ಸಾರ್. ಆದರೆ ನಕ್ಸಲೈಟ್ ನನ್ನ ಭತ್ತ ತಿಂದಿಲ್ಲ, ಹಂದಿ ತಿನ್ನುತ್ತೆ. ತಿನ್ನೋರನ್ನ ಬಿಟ್ಟು ತಿನ್ನದೋರಿಗೆ ಕಾವಲು ಕೂತರೆ ಏನು ನ್ಯಾಯ?"

ಕರುಣಾಕರನ್ ಅವನನ್ನು ಕತ್ತು ಹಿಡಿದು ಆಚೆಗೆ ದೂಡಲು ಏಳುವಷ್ಟರಲ್ಲಿ ಒಳಗಿದ್ದ ಎಸ್.ಐ. ಸಾಹೇಬರು ಹೊರಗೆ ಬಂದರು. ಹೊಳೆಯ ದಂಡೆಯ ಮೇಲೆ ಕಣ್ಣಿಡಲು ಒಂದು ಎತ್ತರದ ಜಾಗ ಹುಡುಕಿ ಎಂದು ಮೇಲಿನಿಂದ ಅವರಿಗೆ ಆಗಿಂದಾಗ್ಗೆ ತಾಕೀತು ಬರುತ್ತಿತ್ತು.

"ಆ ಮಾಡದಿಂದ ಹೊಳೆ ಕಾಣುತ್ತಾ?"

"ಹೊಳೆ ಏನು ಸಾರ್, ಆಚೆ ಮೈಸೂರು ಠಾಣೆಯವರು ಒಣಹಾಕಿದ ಚಡ್ಡಿಯಲ್ಲಿ ಎಷ್ಟು ತೂತಿದೆ ಅಂತ ಕಾಣುತ್ತೆ."

ಎಸ್.ಐ. ಸಾಹೇಬರ ಮುಖ ಅರಳಿತು. ದಾಮೋದರನ ಮುಖವೂ ಅರಳಿತು. ಇಬ್ಬರೂ ಒಂದೇ ವಿಷಯಕ್ಕೆ ಸಂತೋಷಪಡುತ್ತಿದ್ದಾರೆಂದು ಇಬ್ಬರೂ ನಂಬಿದರು.

ಆ ಮಧ್ಯಾಹ್ನ ಕಾಟ್ಟಿಕುಳದಲ್ಲಿ ಕಾರ್ತ್ಯಾಯನಿಯ ಚಹಾದ ಅಂಗಡಿಯಲ್ಲಿ ದಾಮೋದರ ಕಾಲಮೇಲೆ ಕಾಲು ಹಾಕಿ ಕೂತ. "ನನ್ನ ಪೊಲೀಸು ಇವತ್ತು ಸಂಜೆಯಿಂದ ಬರ್ತಾನೆ," ಎಂದ. ಅಂಗಡಿಯಲ್ಲಿದ್ದವರೆಲ್ಲ ಕರ ಕಟ್ಟಿದವರೇ. ಇಷ್ಟು ದಿನ ತಮ್ಮ ಪಾಲನ್ನು ಕೇಳದೆ ಮೋಸಹೋದೆವಲ್ಲ ಎಂದು ಅವರಿಗೆ ಹೊಟ್ಟೆ ಉರಿಯಿತು.

"ನಿನ್ನ ಸರದಿ ಮುಗಿದ ಮೇಲೆ ನನಗೆ," ಎಂದ ಪಕ್ಕದ ಗದ್ದೆಯ ಶಂಕರನ್. ಅವನ ಹೆಂಡತಿ ಪಯ್ಯಂಪಳ್ಳಿಯ ತವರಿಗೆ ಹೋದವಳು ಓಣಂ ಕಳೆದರೂ ಬಂದಿರಲಿಲ್ಲ. "ಅವಳನ್ನ ಕರೆಯೋಕೆ ನಾನೊಬ್ಬನೇ ಹೋದರೆ ಅವಳ ಅಣ್ಣಂದಿರು ಮಾತಾಡೋಕೆ ಬಿಡಲ್ಲ. ಟೋಪಿ ಹಾಕಿದವನು ಪಕ್ಕದಲ್ಲಿದ್ದರೆ ಸಾಕು."

"ಮೊದಲು ನನಗೆ," ಎಂದಳು ಕಾರ್ತ್ಯಾಯನಿ. "ಆ ಬಸ್ಸಿನ ಕಂಡಕ್ಟರ್ ಚಹಾ ಕುಡೀತಾ ಕುಡೀತಾ ಗ್ಲಾಸ್ ಸಮೇತ ಬಸ್ ಹತ್ತಿ ಹೋಗ್ತಾನೆ. ನನ್ನ ಗ್ಲಾಸುಗಳೆಲ್ಲ ಮಾನಂತವಾಡಿ ಸೇರಿದವು. ಒಂದು ದಿನ ಪೊಲೀಸ್ ನಿಲ್ಲಿಸಿಕೊಡಿ."

"ನೋಡೋಣ," ಎಂದ ದಾಮೋದರ, ಮಂತ್ರಿಯ ಹಾಗೆ.

ಸಂಜೆ ಕರುಣಾಕರನ್ ಒಬ್ಬ ಕಾನ್‌ಸ್ಟೇಬಲನ ಜೊತೆ ಬಂದ. ಮಾಡದ ಬಿದಿರೇಣಿ ಬೈರನ ಮೈಯಳತೆಗೆ ಕಟ್ಟಿದ್ದು. ದಾಮೋದರ ಕೆಳಗಿನಿಂದ ಸರಕಾರದ ಪೃಷ್ಠಕ್ಕೆ ಹೆಗಲು ಕೊಟ್ಟು ನೂಕಿ ನೂಕಿ ಹತ್ತಿಸಿದ. ಮೇಲೆ ಹೋದವರು ಮೊದಲು ಮಾಡಿದ ಕೆಲಸವೆಂದರೆ, ಹೊಳೆಯ ಕಡೆಗಿದ್ದ ತಟ್ಟಿಯನ್ನು ಕೊಯ್ದು ಕಿಟಕಿ ಮಾಡಿದ್ದು. ಎರಡನೆಯ ಕೆಲಸವೆಂದರೆ, ಗಾಳಿ ಬರುತ್ತದೆಂದು ಗದ್ದೆಯ ಕಡೆಗಿದ್ದ ಬಾಗಿಲಿಗೆ ಗೋಣಿ ಕಟ್ಟಿದ್ದು. ಆಮೇಲೆ ಇಬ್ಬರೂ ದುರ್ಬೀನು ಹಿಡಿದು, ಗದ್ದೆಗೆ ಬೆನ್ನು ಮಾಡಿ, ಮೈಸೂರು ಸೀಮೆಯನ್ನು ನೋಡುತ್ತಾ ಕೂತರು.

ಹೊತ್ತು ಮುಳುಗಿತು. ಹಂದಿಗಳು ಬಂದವು. ದಿನವೂ ಕೇಳುತ್ತಿದ್ದ ಬೈರನ ಬೈಗುಳ ಕೇಳಿಸದೆ ಅವು ಕಾಡಿನಂಚಿನಲ್ಲಿ ಸ್ವಲ್ಪ ಅನುಮಾನಿಸಿ ನಿಂತವು. ಮೇಲೆ ಇದ್ದವರು ತಮಗೆ ಸಂಬಂಧಪಟ್ಟವರಲ್ಲ ಎಂದು ಖಾತ್ರಿಯಾದ ಮೇಲೆ ಸಂಸಾರ ಸಮೇತ ಗದ್ದೆಗಿಳಿದವು.

"ಸಾರ್! ಹಿಂದೆ! ಹಿಂದೆ ನೋಡಿ!" ಎಂದು ದಾಮೋದರ ಮರದ ಬುಡದಲ್ಲಿ ಕುಣಿದಾಡಿದ.

"ಮಿಂಡಾದಿರಿ!" ಎಂದು ಮೇಲಿನಿಂದ ಕರುಣಾಕರನ್ ಪಿಸುಗುಟ್ಟಿದ. ಬಾಯಿ ಮುಚ್ಚು ಎಂದು ಅರ್ಥ. "ಇದು ಗುಪ್ತ ಕಾವಲು. ಬೆಂಕಿ ಹಾಕಬಾರದು, ಡಬ್ಬ ಬಾರಿಸಬಾರದು, ಕೂಗಬಾರದು. ಕೂಗಿದವರನ್ನ ಒಳಗೆ ಹಾಕು ಅಂತ ಎಸ್.ಐ. ಸಾಹೇಬರ ಆರ್ಡರ್."

"ಹಂದಿ ಕೂಗಿದರೆ?"

"ಅದಕ್ಕೆ ಆರ್ಡರ್ ಇಲ್ಲ."

ದಾಮೋದರ ತನ್ನ ಗದ್ದೆಯ ಬದುವಿನ ಮೇಲೆ ಕೂತು, ತನ್ನ ಭತ್ತವನ್ನು ಹಂದಿಗಳು ಕಚಕಚನೆ ಅಗಿಯುವುದನ್ನು ಕೇಳಿಸಿಕೊಂಡ. ಮನಸ್ಸಿನಲ್ಲೇ ಹಂದಿಗಳನ್ನು ಬೈದ. ಮನಸ್ಸಿನಲ್ಲಿ ಬೈದರೆ ಹಂದಿಗೆ ಕೇಳಿಸುವುದಿಲ್ಲ.

ಬೆಳಗ್ಗೆ ನಾರಾಯಣಿ ಬಂದು ನೋಡಿದಳು. ಗದ್ದೆಯ ಕಾಡಿನ ಕಡೆಯ ಮಗ್ಗುಲು ಕೆಸರಾಗಿತ್ತು. "ಕರ ಕಟ್ಟಿ ಹಂದಿಗೆ ಕಾವಲಿಟ್ಟ ಗಂಡಸು ಈ ಭೂಮಿ ಮೇಲೆ ನೀವೊಬ್ಬರೇ," ಎಂದಳು. "ಇನ್ನು ಉಳಿದಿರೋದು ಹೊಳೆ ಕಡೇದು. ಅದೂ ಹೋದರೆ ತಿರುನೆಲ್ಲಿಗೆ ನೀವೊಬ್ಬರೇ ಹೋಗಿ. ಬರಿಗೈಯಲ್ಲಿ ಮಾವನಿಗೆ ಮುಖ ತೋರಿಸೋಕೆ ನಾನು ಬರಲ್ಲ."

ದಾಮೋದರ ಕ್ಯಾಂಪಿಗೆ ಓಡಿದ. ಎಸ್.ಐ. ಸಾಹೇಬರು ಆ ಮಾಡವನ್ನು ಬಹಳ ಹೊಗಳಿ, ಇನ್ನು ಒಂದು ತಿಂಗಳು ಬಿಡುವುದಿಲ್ಲವೆಂದರು. ದಾಮೋದರ ಹೊರಗೆ ಬಂದು ಮತ್ತೆ ಯೋಚನೆ ಮಾಡಿದ. ಈಚೆ ದಂಡೆಯಲ್ಲಿ ಸದ್ದು ಮಾಡಬಾರದು. ಆಚೆ ದಂಡೆಯಲ್ಲಿ? ಹೊಳೆ ಆ ಜಾಗದಲ್ಲಿ ಕಿರಿದು. ಆಚೆ ಬಾರಿಸಿದರೂ ಹಂದಿಯ ಕಿವಿಗೆ ಬೀಳುತ್ತದೆ. ಅಲ್ಲಿ ಈ ಎಸ್.ಐ. ಸಾಹೇಬರ ಅಧಿಕಾರವಿಲ್ಲ.

ಅವನು ಮುಂಡು ಎತ್ತಿಕಟ್ಟಿ, ನೀರು ಕಡಿಮೆಯಿದ್ದ ಕಡೆ ಹೊಳೆ ದಾಟಿ ಮೈಸೂರಿನ ಹೊರಠಾಣೆಗೆ ಹೋದ. ದಫೇದಾರ್ ಜವರಯ್ಯ ಬನಿಯನ್ನಿನಲ್ಲಿ ಕೂತು ಷರಟಿಗೆ ಗುಂಡಿ ಹೊಲಿಯುತ್ತಿದ್ದ. ಗೋಡೆಗೆ ಚೈನಿಲ್ಲದ ಒಂದು ಸೈಕಲ್ಲು ಒರಗಿತ್ತು.

"ಬನ್ನಿ ಸೆಟ್ರೆ. ನಿಮ್ಕಡೆ ಪೊಲೀಸ್ನೋರು ನೆನ್ನೆ ಏನ್ ತಿಂದ್ರು?" ಎಂಬುದೇ ಅವನ ಮೊದಲ ಪ್ರಶ್ನೆ.

"ಮೀನು."

"ಮೊನ್ನೆ?"

"ಮೀನೇ. ಮಾಡಕ್ಕೂ ಕಟ್ಟಿಸಿಕೊಂಡು ಬಂದಿದ್ದರು."

ಜವರಯ್ಯ ಸೂಜಿಯನ್ನು ಕೆಳಗಿಟ್ಟು ದೀರ್ಘವಾಗಿ ಉಸಿರುಬಿಟ್ಟ. "ಊರೋರ್ ಕರ ಕಟ್ಟಿದ್ರೆ ಅಂಗೆಯ. ನಮ್ಗೆ ಎಲ್ಲಾ ಬೆಂಗ್ಳೂರಿಂದ ಬರ್ಬೇಕು. ಬರೋ ಹೊತ್ಗೆ ಅದಕ್ಕೇ ವಯಸ್ಸಾಗಿರ್ತದೆ. ಟಾರ್ಚದೆ, ಸೆಲ್ಲಿಲ್ಲ. ಕೋವಿ ಅದೆ, ತೋಟಾ ತಾಲ್ಲೂಕ್ ಠಾಣೇಲದೆ. ಬೂಟು ಒಂದ್ ಜೊತೆ ಅದೆ, ಸಾಹೇಬ್ರು ಬಂದ್ ದಿನ ಯಾರ್ ಡ್ಯೂಟಿನೋ ಅವ್ರು ಹಾಕ್ಕಳದು. ನಮ್ದು ಅಂತ ನೆಟ್ಗಿರೋದು ಈ ಪೀಪಿ ಒಂದೆ."

"ನಿಮ್ಮ ದಂಡೆಯಲ್ಲಿ ಡಬ್ಬ ಬಾರಿಸಿ ಬೆಂಕಿ ಹಾಕಿದರೆ ತೊಂದರೆ ಇದೆಯಾ?"

"ಬಾರ್ಸಿ. ಕುಣೀರಿ ಬೇಕಾರೆ. ಬ್ಯಾಡ ಅನ್ನಕೂ ನಮ್ಗೆ ಸಿಬ್ಬಂದಿ ಸಾಲ್ದು." ಹೀಗೆಂದ ಜವರಯ್ಯ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದ. "ಆದ್ರೆ ಸೆಟ್ರೆ, ಈಚೆಗ್ ಕರ ಇಲ್ಲ ಅಂತ ನಾವೇನ್ ಗಾಳಿ ಕುಡ್ದು ಬದುಕ್ತೀವಾ? ಒಂದ್ ಕೋಳಿ ಕಳ್ಸಿ."

ಕರವಿಲ್ಲದ ಸೀಮೆಯಲ್ಲೂ ಪೊಲೀಸರಿಗೆ ಹೊಟ್ಟೆಯಿದೆ ಎಂಬ ರಾಜ್ಯಶಾಸ್ತ್ರವನ್ನು ದಾಮೋದರ ಅಂದು ತಿಳಿದುಕೊಂಡ.

ಇನ್ನು ಉಳಿದದ್ದು ಬೈರ. ಅವನು ಗುಡಿಸಲ ಮುಂದೆ ಕೂತು ಬುಟ್ಟಿ ಹೆಣೆಯುತ್ತಿದ್ದ. ವಿಷಯ ಕೇಳಿ ಅವನ ಹೆಂಡತಿ ಕುಳ್ಳಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

"ಬರ್ತೀನಿ," ಎಂದ ಬೈರ. "ಆಚೆ ಕಡೆ ಕಾವಲಿಗೊಂದು ಪಾಲು, ಈಚೆ ಕಡೆ ಕಾವಲಿಗೊಂದು ಪಾಲು."

"ಗದ್ದೆ ಒಂದೇ ಅಲ್ಲವೋ!"

"ರಾಜ್ಯ ಎರಡಲ್ವಾ ಚೆಟ್ಟಿಯಾರೆ? ಆಚೆ ಕೂತು ಈಚೆ ಹಂದೀನ ಬಯ್ಯಾಕೆ ಗಂಟ್ಲು ಎಷ್ಟು ಬೇಕು, ನೀವೇ ಹೇಳಿ."

ದಾಮೋದರ ಒಪ್ಪಿದ. ಬೇರೆ ದಾರಿಯಿರಲಿಲ್ಲ.

ಆ ಸಂಜೆ ಹೊತ್ತು ಇಳಿಯುತ್ತಿದ್ದ ಹಾಗೆ ಆಚೆ ದಂಡೆಯಲ್ಲಿ ಬೆಂಕಿ ಎದ್ದಿತು. ಡಬ್ಬ ಮಾತ್ರ ಸಾಲದೆಂದು ಬೈರ ತನ್ನ ನೆಂಟರನ್ನೆಲ್ಲ ಕರೆದು, ಹಬ್ಬದ ತುಡಿಗಳನ್ನೂ ತಂದಿದ್ದ. ಆ ಡೋಲುಗಳನ್ನು ಒಮ್ಮೆಗೇ ಬಾರಿಸಿದಾಗ ಹೊಳೆಯ ನೀರು ನಡುಗಿದಂತಾಯಿತು. ಹಂದಿಗಳು ಬಾಲ ಎತ್ತಿ ಬೇಗೂರು ಕಾಡಿನ ದಾರಿ ಹಿಡಿದವು. ದಾಮೋದರ ಈಚೆ ಬದುವಿನ ಮೇಲೆ ನಿಂತು ಆನಂದದಿಂದ ಎಲೆಗೆ ಸುಣ್ಣ ಹಚ್ಚಿದ. ಆ ಎಲೆ ಬಾಯಿಗೆ ಸೇರುವವರೆಗೆ ಮಾತ್ರ ಅವನ ಆನಂದ ಉಳಿಯಿತು.

ಮಾಡದ ಮೇಲೆ ಕರುಣಾಕರನ್ ದುರ್ಬೀನಿನಲ್ಲಿ ಕಂಡದ್ದೇ ಬೇರೆ. ಹಿಂದಿನ ರಾತ್ರಿ ನರಪಿಳ್ಳೆಯೂ ಕಾಣದ ಆಚೆ ದಂಡೆಯಲ್ಲಿ ಬೆಂಕಿ, ಡೋಲು, ಜನ, ಕೂಗಾಟ. ಗಡಿಯಾಚೆ ನಕ್ಸಲೈಟರು ಗುಂಪು ಸೇರುತ್ತಾರೆಂದು ಅವನಿಗೆ ಕ್ಯಾಂಪಿನಲ್ಲಿ ಪಾಠ ಮಾಡಿದ್ದರು. ಅವನು ಏಣಿಯನ್ನು ಮರೆತು ಮರದಿಂದ ಜಾರಿದ. ಜೊತೆಯವನು ಕ್ಯಾಂಪಿಗೆ ಓಡಿದ. ವಯರ್‌ಲೆಸ್ಸು ಮಾನಂತವಾಡಿಗೆ ಕೂಗಿತು.

ಊರಿನ ಕರ ಎಷ್ಟು ಸಮೃದ್ಧವಾಗಿ ವಸೂಲಾಗಿತ್ತೆಂದು ದಾಮೋದರನಿಗೆ ಆಗ ತಿಳಿಯಿತು. ಒಂದು ಜೀಪು ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ವ್ಯಾನು. ಹೊಳೆದಂಡೆಗೆ ರಸ್ತೆಯಿರಲಿಲ್ಲವಾಗಿ ಅವೆಲ್ಲ ಗದ್ದೆಯ ಮೇಲೆಯೇ ಬಂದವು. ಬೂಟು ಹಾಕಿದ ಪೊಲೀಸರು ಸಾಲಾಗಿ ಇಳಿದು, ನಿಂತಿದ್ದ ಭತ್ತದ ಮೇಲೆ ಬೋರಲಾಗಿ ಮಲಗಿ, ಬಂದೂಕು ಗುರಿ ಇಟ್ಟರು.

"ಅಯ್ಯೋ ಭತ್ತ! ಎದ್ದೇಳಿ! ಬದುವಿನ ಮೇಲೆ ಮಲಗಿ!" ಎಂದು ದಾಮೋದರ ಒಬ್ಬೊಬ್ಬರ ಕಾಲನ್ನೂ ಹಿಡಿದು ಎಳೆಯುತ್ತಿದ್ದ. ಅವರು ಅವನನ್ನು ಒದೆಯುತ್ತಿದ್ದರು.

ಆಚೆ ದಂಡೆಯಲ್ಲಿ ಜವರಯ್ಯ, ಸಾಲುಸಾಲಾಗಿ ದೀಪ ಬೆಳಗುತ್ತಾ ಬಂದು ನಿಂತ ವಾಹನಗಳನ್ನು ಕಂಡು ಬನಿಯನ್ನಿನಲ್ಲೇ ಓಡಿ ಬಂದ. ಜೋರಾಗಿ ಪೀಪಿ ಊದಿದ.

"ಆಚೆ ಇರೋರು ಯಾರು?" ಎಂದು ಎಸ್.ಐ. ಸಾಹೇಬರು ಕೂಗಿದರು.

"ನೀವ್ಯಾರು?" ಎಂದು ಜವರಯ್ಯ ಕೂಗಿದ.

"ಪೊಲೀಸ್!"

"ನಾವೂ ಪೊಲೀಸ್ನೋರೆಯ!"

"ಸುಳ್ಳು! ಪೊಲೀಸರಾದರೆ ಬೂಟೆಲ್ಲಿ? ಜೀಪೆಲ್ಲಿ?"

ಜವರಯ್ಯನಿಗೆ ಇದು ಮರ್ಮಕ್ಕೆ ತಗುಲಿತು. "ಅಷ್ಟೊಂದ್ ಜೀಪು ಯಾವ ಪೊಲೀಸ್ಗದೆ? ನೀವೇ ಯಾರೋ ಕಳ್ರು! ಒಂದೆಜ್ಜೆ ಮುಂದಿಟ್ರೆ ಸುಡ್ತೀನಿ!" ಎಂದು ತೋಟಾ ಇಲ್ಲದ ಕೋವಿಯನ್ನು ಎತ್ತಿ ಹಿಡಿದ.

ಈಚೆ ದಂಡೆಯಲ್ಲಿ ಬಂದೂಕುಗಳೆಲ್ಲ ಟಕಟಕನೆ ಸದ್ದು ಮಾಡಿದವು. ಆಚೆ ದಂಡೆಯಲ್ಲಿ ಬೈರನ ನೆಂಟರೆಲ್ಲ, ಮಕ್ಕಳು ಮರಿಗಳ ಸಮೇತ, ಬೆಂಕಿಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದರು.

ದಾಮೋದರನಿಗೆ ಭತ್ತ ಮರೆತುಹೋಯಿತು. ಅವನು ಹೊಳೆಗೆ ಧುಮುಕಿ, ಎದೆಮಟ್ಟದ ನೀರಿನಲ್ಲಿ ನಡುಹೊಳೆಗೆ ಹೋಗಿ, ಎರಡೂ ಕೈ ಎತ್ತಿ ನಿಂತ. ಒಮ್ಮೆ ಈಚೆ ತಿರುಗಿ ಮಲಯಾಳದಲ್ಲಿ, ಒಮ್ಮೆ ಆಚೆ ತಿರುಗಿ ಕನ್ನಡದಲ್ಲಿ ಅರಚಿದ.

"ಸುಡಬೇಡಿ! ಇಬ್ಬರೂ ಪೊಲೀಸರೇ! ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವರಿಗೆ ನಾನು ಕರ ಕಟ್ಟಿದೀನಿ, ಅವರಿಗೆ ಕೋಳಿ ಕೊಟ್ಟಿದೀನಿ! ಅಲ್ಲಿ ಡೋಲು ಬಾರಿಸ್ತಿರೋದು ಬೈರ! ನನ್ನ ಹಂದಿ ಓಡಿಸೋಕೆ!"

ಕೋಳಿಯ ವಿಷಯ ಬಂದ ಕೂಡಲೆ ಜವರಯ್ಯ ಕೋವಿಯನ್ನು ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡ. ಎಸ್.ಐ. ಸಾಹೇಬರು ಮಾತ್ರ ನಿಧಾನವಾಗಿ ಕೇಳಿದರು:

"ಅಂದರೆ ಬೇರೆ ರಾಜ್ಯದ ಪೊಲೀಸಿಗೆ ಕೋಳಿ ಕೊಟ್ಟು ಗಡಿಯಲ್ಲಿ ಜನ ಸೇರಿಸಿದವನು ನೀನು?"

"ಚೆಟ್ಟಿಯಾರೆ," ಎಂದು ಆಚೆಯಿಂದ ಬೈರ ಕೂಗಿದ, "ಹಂದಿ ಹೋಯ್ತು. ಗದ್ದೆ ನೋಡಿ."

ದಾಮೋದರ ನೀರಿನಲ್ಲೇ ತಿರುಗಿ ನೋಡಿದ. ಗದ್ದೆಯೆಂಬುದು ಇರಲಿಲ್ಲ. ಹಂದಿಗಳಿಗೆ ಇನ್ನೂ ಕೆಲವು ರಾತ್ರಿ ಬೇಕಾಗಿದ್ದ ಕೆಲಸವನ್ನು ಪೊಲೀಸರು ಎಲೆಯಡಿಕೆ ಹಾಕುವಷ್ಟರಲ್ಲಿ ಮುಗಿಸಿದ್ದರು.

ಮರುದಿನ ನಾರಾಯಣಿ, ಕುಳ್ಳಿ, ಬೈರ ಎಲ್ಲರೂ ಗದ್ದೆಗಿಳಿದರು. ಮಲಗಿದ ಭತ್ತ ಬೇಕಾದಷ್ಟಿತ್ತು. ಆದರೆ ಬೂಟಿನಡಿ ಬಿದ್ದದ್ದನ್ನು ಪಿಂಡಕ್ಕೆ ಇಡುವುದು ಹೇಗೆ? ನಾರಾಯಣಿ ಅದನ್ನೆಲ್ಲ ಬೈರನಿಗೆ ಬಿಟ್ಟುಕೊಟ್ಟಳು. "ಬೂಟು ತುಳಿದದ್ದು ಕಣೋ," ಎಂದು ಅವಳು ಸಂಕೋಚಪಟ್ಟಾಗ, "ತುಳಿದ್ರೇನು?" ಎಂದ ಬೈರ. "ನಮ್ಮನ್ನೂ ತುಳಿದವ್ರೆ. ನಾವೇನ್ ಕೆಟ್ಟೋದ್ವಾ?" ಎಂದು ಎರಡು ರಾಜ್ಯದ ಪಾಲನ್ನೂ ಲೆಕ್ಕಮಾಡಿಕೊಂಡು ಹೊತ್ತುಕೊಂಡು ಹೋದ.

ನಿಂತ ಭತ್ತ ಉಳಿದದ್ದು ಏರುಮಾಡದ ಮರದ ಸುತ್ತ ಒಂದು ಚೂರು ಮಾತ್ರ. ಮರ ಅಡ್ಡವಿದ್ದುದರಿಂದ ಜೀಪು ಅಲ್ಲಿಗೆ ಬಂದಿರಲಿಲ್ಲ. ಪೊಲೀಸರ ಬೀಡಿ, ತಲೆಯೆಣ್ಣೆ, ಮೀನುಗಳ ವಾಸನೆಗೆ ಹಂದಿಯೂ ಹತ್ತಿರ ಸುಳಿದಿರಲಿಲ್ಲ. ಕಟ್ಟಿದ ಕರಕ್ಕೆ ಪೊಲೀಸರು ಕಾವಲು ಮಾಡಲಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ವಾಸನೆ ಹೋಗುವಷ್ಟು ದೂರ ಮಾಡಿದ್ದರು. ನಾರಾಯಣಿ ಕಣ್ಣಿಗೊತ್ತಿಕೊಂಡು ತೆನೆಗೆ ಕೈಹಾಕಿದಳು. ಕೈಗೆ ಮೀನಿನ ಮುಳ್ಳು ಚುಚ್ಚಿತು. ಮಾಡದಲ್ಲಿ ಕೂತು ತಿಂದವರು ಮುಳ್ಳನ್ನೆಲ್ಲ ಕೆಳಗೆ, ತೆನೆಗಳ ಮೇಲೆ ಎಸೆದಿದ್ದರು.

"ಶಿವ ಶಿವಾ! ಇದನ್ನ ಪಿಂಡಕ್ಕೆ ಇಡೋದಾ?"

"ಇಡದೆ ಇನ್ನೇನನ್ನ ಇಡೋದು? ನನ್ನ ತಲೆಯನ್ನಾ?" ಎಂದು ದಾಮೋದರ ರೇಗಿ, ಮುಳ್ಳು ಆರಿಸಿ ಆರಿಸಿ ತಾನೇ ಕೊಯ್ದ.

ಇತ್ತ ಎಸ್.ಐ. ಸಾಹೇಬರು ಅವನನ್ನು ಬಂಧಿಸಲಿಲ್ಲ. ವಿಚಾರಣೆ ಮುಗಿಯುವವರೆಗೆ ಕಣ್ಣಿಡಿ ಎಂದು ಕರುಣಾಕರನನ್ನು ಅವನ ಹಿಂದೆ ಹಚ್ಚಿದರು. ದಾಮೋದರ ಹೊಳೆಗೆ ಹೋದರೆ ಕರುಣಾಕರನ್ ದಂಡೆಯಲ್ಲಿ. ಅಂಗಡಿಗೆ ಹೋದರೆ ಪಕ್ಕದ ಬೆಂಚಿನಲ್ಲಿ.

"ಅಂತೂ ನಿನ್ನ ಪಾಲು ಪೂರ್ತಿಯಾಗಿ ಬಂತು!" ಎಂದಳು ಕಾರ್ತ್ಯಾಯನಿ. "ಆ ಬಸ್ ಬರೋವರೆಗೆ ಇಲ್ಲೇ ಕೂತಿರಿ ಇಬ್ಬರೂ."

"ಪಯ್ಯಂಪಳ್ಳಿಗೆ ಒಂದು ಸಲ ಹೋಗಿ ಬರೋಣ ದಾಮೋದರಾ," ಎಂದು ಶಂಕರನ್ ಅಂಗಲಾಚಿದ. "ನೀನು ಬಂದರೆ ಇವರೂ ಬರ್ತಾರಲ್ಲ."

ದಾಮೋದರ ಅರ್ಧ ಕುಡಿದ ಚಹಾ ಬಿಟ್ಟು ಎದ್ದು ನಡೆದ. ಕರುಣಾಕರನೂ ಅರ್ಧ ಕುಡಿದ ಚಹಾ ಬಿಟ್ಟು ಎದ್ದ.

ಮಕರದ ತಿಥಿಯ ದಿನ ಗಂಡ, ಹೆಂಡತಿ, ಕರುಣಾಕರನ್ ಮೂವರೂ ತಿರುನೆಲ್ಲಿಯ ಬಸ್ಸು ಹತ್ತಿದರು. ನಾರಾಯಣಿಯ ಮಡಿಲಲ್ಲಿ ಬಾಳೆಲೆಯಲ್ಲಿ ಕಟ್ಟಿದ ಅಕ್ಕಿ. ಒಂದು ಪಿಂಡಕ್ಕೆ ಆಗುವಷ್ಟು, ಹೆಚ್ಚಿರಲಿಲ್ಲ. ದಾರಿಯುದ್ದಕ್ಕೂ ಅವಳು ಮೀನಿನ ಮುಳ್ಳಿನ ವಿಷಯ ಹೇಳಿದಳು. ದೇವಸ್ಥಾನದ ಬಳಿ ಬಲಿ ಹಾಕಿಸುವ ವೃದ್ಧ ಪುರೋಹಿತನಿಗೂ ಮೊದಲು ಅದನ್ನೇ ಹೇಳಿದಳು. ಅಕ್ಕಿಗೆ ಮೈಲಿಗೆಯಾಗಿದೆಯೇ?

ಮುದುಕ ಕೇಳಿ, "ನಿಮ್ಮ ಮಾವ ಮೀನು ತಿನ್ನುತ್ತಿದ್ದರೋ?" ಎಂದ.

"ಬಾವಲಿ ಹೊಳೆಯದು. ಸಿಕ್ಕಿದ ದಿನವೆಲ್ಲ."

"ಹಾಗಾದರೆ ಅಕ್ಕಿಯನ್ನು ಇನ್ನೊಂದು ಸಲ ತೊಳೆಯಿರಿ. ಅವರು ಕೋಪಿಸಿಕೊಳ್ಳುವುದಿಲ್ಲ."

ಅಕ್ಕಿ ತೊಳೆದು ಅನ್ನ ಮಾಡಿ ಎಲೆಗೆ ಹಾಕಿಕೊಂಡು, ಕಲ್ಲುದಾರಿ ಹತ್ತಿ ಪಾಪನಾಶಿನಿಗೆ ಹೋದರು. ಬೆಟ್ಟದಿಂದ ಇಳಿಯುವ ಆ ತೊರೆಯ ನೀರು ಮಕರದಲ್ಲಿ ಕೈಯನ್ನು ಕೊಯ್ಯುವ ಹಾಗಿರುತ್ತದೆ. ದಾಮೋದರ ಮುಳುಗಿ ಎದ್ದು ದರ್ಭೆ ಹಿಡಿದು ನಿಂತ. ಕೈಯಳತೆಯಿಂದ ದೂರ ಬಿಡಬಾರದೆಂದು ಆಜ್ಞೆಯಾಗಿದ್ದುದರಿಂದ ಕರುಣಾಕರನ್ ಬೂಟು ಬಿಚ್ಚಿ, ಟೋಪಿ ತೆಗೆದು, ಬೈದುಕೊಳ್ಳುತ್ತಾ ತಾನೂ ನೀರಿಗಿಳಿದ. ನೀರಿನಲ್ಲಿ ನಿಂತವರೆಲ್ಲ ಬಲಿಗೆ ಬಂದವರೆಂದು ತಿಳಿದ ಮುದುಕ ಅವನ ಕೈಗೂ ದರ್ಭೆ ಕೊಟ್ಟು, "ಯಾರಿಗೆ?" ಎಂದು ಕೇಳಿದ.

ಕರುಣಾಕರನ್ ದರ್ಭೆಯನ್ನು ನೋಡುತ್ತಾ ನಿಂತ. ಹಿಂದಿರುಗಿಸಲಿಲ್ಲ.

"ಯಾರಿಗಪ್ಪಾ?" ಎಂದ ಮುದುಕ ಮತ್ತೆ.

"ಅಚ್ಛನಿಗೆ, ನಮ್ಮಪ್ಪನಿಗೆ," ಎಂದ ಅವನು. ಆಮೇಲೆ ದಾಮೋದರನ ಕಡೆ ತಿರುಗಿ, ತಪ್ಪು ಮಾಡಿದವನಂತೆ ಹೇಳಿದ: "ತುಲಾ ಮಾಸದಲ್ಲಿ ಹೋದರು. ತಂತಿ ಕ್ಯಾಂಪಿಗೆ ಬಂತು. ರಜೆ ಕೊಡಲಿಲ್ಲ. ಇಷ್ಟು ಜನ ಪೊಲೀಸ್ ಇದ್ದರೂ ಒಬ್ಬನನ್ನ ಬಿಡೋಕೆ ಆಗಲ್ಲ ಅಂದರು."

ದಾಮೋದರ ತನ್ನ ಎಲೆಯಲ್ಲಿದ್ದ ಅನ್ನವನ್ನು ನೋಡಿದ. ದಂಡೆಯ ಮೇಲಿದ್ದ ನಾರಾಯಣಿಯನ್ನು ನೋಡಿದ.

"ನನ್ನನ್ನೇನು ನೋಡ್ತೀರಿ?" ಎಂದಳು ಅವಳು. ಅವಳ ಕಣ್ಣು ಒದ್ದೆಯಾಗಿತ್ತು; ದನಿ ಮಾತ್ರ ಎಂದಿನಂತೆ ಗಡುಸಾಗಿತ್ತು. "ಅವನಿಗೂ ಒಂದು ಎಲೆ ಹಾಕಿ. ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀರಿ?"

ಆ ದಿನ ಪಾಪನಾಶಿನಿಯ ಬಂಡೆಯ ಮೇಲೆ ಎರಡು ಚಿಕ್ಕ ಪಿಂಡಗಳನ್ನಿಟ್ಟರು. ಮುದುಕ ಹೇಳಿದ ಮಂತ್ರವನ್ನು ಒಬ್ಬ ಕನ್ನಡದ ನಾಲಗೆಯಲ್ಲಿ, ಒಬ್ಬ ಮಲಯಾಳದ ನಾಲಗೆಯಲ್ಲಿ, ಇಬ್ಬರೂ ಹಲ್ಲು ಕಟಕಟಿಸುತ್ತಾ ಹೇಳಿದರು. ನೀರು ಬಂದು ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಹೋಯಿತು.

ಮೇಲೆ ಬಂದ ಮೇಲೆ ಕರುಣಾಕರನ್ ನಡುಗುತ್ತಾ ಟೋಪಿ ಹುಡುಕಿದ. "ಚೆಟ್ಟಿಯಾರೇ, ಇವತ್ತು ನೀವು ಏನು ಮಾಡಿದಿರಿ ಅಂತ ನಾನು ರಿಪೋರ್ಟ್ ಬರೀಬೇಕು."

"ಅಪ್ಪನಿಗೆ ಅನ್ನ ಇಟ್ಟ ಅಂತ ಬರೆ."

"ಯಾರ ಅಪ್ಪನಿಗೆ ಅಂತ ಕೇಳ್ತಾರೆ."

ದಾಮೋದರನಿಗೆ ಮೈಯೆಲ್ಲ ಉರಿದುಹೋಯಿತು. "ಕೇಳೋರನ್ನ ಇಲ್ಲಿಗೇ ಕರಕೊಂಡು ಬಾ. ಈ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ, ಆಮೇಲೆ ಹೇಳ್ತೀನಿ!" ಎಂದು ಅರಚಿ, ನಾರಾಯಣಿ ತನಗೆಂದು ತಂದಿದ್ದ ಒಂದೇ ಒಂದು ಒಣ ತುಂಡುಪಂಚೆಯನ್ನು ಆ ಪೊಲೀಸಿನವನ ತಲೆಯ ಮೇಲೆ ಎಸೆದು, ತಾನು ತೊಟ್ಟಿಕ್ಕುತ್ತಾ ಮೆಟ್ಟಿಲಿಳಿದು ನಡೆದ.